ಎರಡೂ ಕೈ ಬೇಡುವ ಯಂತ್ರ

ಊರಿಗೆ ಹೊರಟಿದ್ದೆ. ರಾಜೂರಿನಲ್ಲಿ ಬಸ್ಸು ನಿಂತಾಗ ಬ್ರೇಕಿನಿಂದ ಟುಸ್ಸೆಂದು ಗಾಳಿ ಹೊರಬಿತ್ತು. ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿದ್ದ ಅಜ್ಜಿಯೊಬ್ಬರು ಬೆಚ್ಚಿ ಎದ್ದರು, ನಾನು ಒಬ್ಬಳೇ ನಕ್ಕೆ. ನಿಮಗೆ ಮಲ್ಲಿಗೆಯ ವಾಸನೆಗೋ ಹಳೆಯ ಹಾಡಿಗೋ ನೆನಪುಗಳು ಬರುತ್ತಿರಬಹುದು. ನನ್ನ ಹಣೆಬರಹ ನೋಡಿ, ನನಗೆ ಎಲ್ಲಿಯಾದರೂ ಗಾಳಿ ಸೋರಬೇಕು. ಸೋರಿದರೆ ಸಾಕು, ರೋಣದ ತರಬೇತಿ ಕೇಂದ್ರ ಕಣ್ಣಮುಂದೆ ನಿಲ್ಲುತ್ತದೆ.

ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ ನಾನು. ಗಾಳಿಯ ಒತ್ತಡದಿಂದ, ಎಣ್ಣೆಯ ಒತ್ತಡದಿಂದ ಕಾರ್ಖಾನೆಯ ಯಂತ್ರಗಳನ್ನು ನಡೆಸುವ ವಿದ್ಯೆ ಕಲಿಯಲು ದಿನಾ ಅಲ್ಲಿಗೆ ಹೋಗುತ್ತಿದ್ದೆ. ಕಲಿಸುವವರು ಶಿರೋಳದ ಮಾಸ್ತರು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ ಎನ್ನುವುದನ್ನು ಅವರು ಹೇಳುತ್ತಿದ್ದ ರೀತಿಯೇ ಬೇರೆ: “ಗಾಳಿ ಅಂದ್ರ ಹೊಂದ್ಕೊಂಡು ಹೋಗೂ ಸೊಸಿ. ಎಣ್ಣಿ ಅಂದ್ರ ಅತ್ತಿ, ಒಂದ್ ಕೂದಲೆಳಿನೂ ಸರಿಯಂಗಿಲ್ಲ.” ಅವರ ಮನೆಯ ಪರಿಸ್ಥಿತಿ ನಮಗೆ ಅರ್ಧ ತಿಳಿದದ್ದು ಹೀಗೆ.

ನಾನೇನೂ ಜಾಣೆಯಾಗಿರಲಿಲ್ಲ. ಒಮ್ಮೆ ಪೈಪನ್ನು ಸರಿಯಾಗಿ ಕೂಡಿಸದೆ ಗಾಳಿ ಬಿಟ್ಟೆ. ಅದು ಕಿತ್ತುಕೊಂಡು ಮೇಜಿನ ಮೇಲೆಲ್ಲ ಕುಣಿಯಿತು. ಮಾಸ್ತರು ಬಾಗಿ ಹೋಗಿ ಗಾಳಿ ಬಂದ್ ಮಾಡುವಷ್ಟರಲ್ಲಿ ನಾನು ಮೇಜಿನ ಕೆಳಗಿದ್ದೆ. ತಪ್ಪಾಯಿತು ಸರ್ ಎಂದು ಅಲ್ಲಿಂದಲೇ ಹೇಳಿದೆ.

ಅಂತೂ ಕಲಿತೆ. ಹುಬ್ಬಳ್ಳಿಯ ಒಂದು ಕಾರ್ಖಾನೆಯಿಂದ ಕೆಲಸಕ್ಕೆ ಕರೆಯೂ ಬಂತು. ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ಸಿನ ಮೇಲೆ ಕೆಲಸ. ಒತ್ತುವ ಯಂತ್ರ ಎಂದು ಕೇಳಿದ್ದೇ ತಡ ಅವ್ವ ಬೇಡವೆಂದು ಕುಳಿತಳು. ಅಪ್ಪ ಹೇಳಿನೋಡಿದ, ಕೇಳಲಿಲ್ಲ. ನಾನು ಊಟ ಬಿಟ್ಟೆ. ಹೊಟ್ಟೆ ಹಸಿಯಿತೇ ಹೊರತು ಉಪಯೋಗವಾಗಲಿಲ್ಲ. ಕೊನೆಗೆ ಒಂದು ದಿನ ಅವ್ವ ತಾನೇ ಸೆರಗು ಸರಿಮಾಡಿಕೊಂಡು, ಆ ಯಂತ್ರ ತನಗೆ ತೋರಿಸು ಎಂದಳು.

ರೋಣಕ್ಕೆ ಕರೆದುಕೊಂಡು ಹೋದೆ. ಕೇಂದ್ರದಲ್ಲಿ ಕಲಿಯುವವರಿಗಾಗಿ ಒಂದು ಸಣ್ಣ ಪ್ರೆಸ್ ಇತ್ತು. ಎರಡು ಗುಂಡಿಗಳನ್ನು ಎರಡು ಕೈಗಳಿಂದ ಒಟ್ಟಿಗೆ ಒತ್ತಿ ಹಿಡಿದರಷ್ಟೇ ಅದು ಕೆಳಗಿಳಿಯುತ್ತದೆ. ಕೈಗಳೆರಡೂ ಗುಂಡಿಗಳ ಮೇಲಿದ್ದರೆ ಪ್ರೆಸ್ಸಿನ ಬಾಯಿಗೆ ಸಿಗುವುದಿಲ್ಲವಲ್ಲ! ಮಾಸ್ತರು ವಿವರಿಸಿದರು. ಅವ್ವ ನಂಬಬೇಕಲ್ಲ. ಒಂದೇ ಗುಂಡಿ ಒತ್ತಿದಳು, ಅಲುಗಲಿಲ್ಲ. ಒಂದರ ಮೇಲೆ ಅಂಗೈ, ಇನ್ನೊಂದರ ಮೇಲೆ ಮೊಣಕೈ ಇಡಲು ಹೋದಳು, ಎಟುಕಲಿಲ್ಲ. ಎರಡನ್ನೂ ಒತ್ತಿ ನಡುವೆ ಒಂದು ಕೈ ತೆಗೆದಳು, ಅದು ನಿಂತುಬಿಟ್ಟಿತು. ನಾನು ಗೆದ್ದೆ ಎಂದುಕೊಳ್ಳುತ್ತಿದ್ದಂತೆ ನನ್ನನ್ನು ಕರೆದು ಒಂದು ಗುಂಡಿ ನೀನು ಹಿಡಿ ಎಂದಳು, ಇನ್ನೊಂದನ್ನು ತಾನು ಹಿಡಿದಳು. ಪ್ರೆಸ್ ಸಲೀಸಾಗಿ ಇಳಿಯಿತು. ಖಾಲಿ ಉಳಿದ ತನ್ನ ಕೈಯನ್ನು, ಇದು ಒಳಗಿದ್ದಿದ್ದರೆ ಎನ್ನುವಂತೆ, ಮಾಸ್ತರ ಮುಂದೆ ಹಿಡಿದಳು.

ನನ್ನ ನೌಕರಿ ಅಲ್ಲಿಗೆ ಮುಗಿಯಿತು ಅನ್ನಿಸಿತು. ಏನಾದರೂ ಸಬೂಬು ಹೇಳಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಮಾಸ್ತರು ನನ್ನನ್ನು ಬಿಟ್ಟು ಅವ್ವನ ಕಡೆಗೇ ತಿರುಗಿದರು.

“ಖರೇ ಐತ್ರಿ ಅಕ್ಕಾರ. ಮೊದಲನೇ ದಿನಾನ ಕಲಿಯಾಕ ಬಂದ ಇವರಿಗೆಲ್ಲ ಹೇಳೇನಿ. ಗುಂಡಿ ಒತ್ತೂ ಒಬ್ಬರನ್ನಷ್ಟ ಇದು ಕಾಯ್ತೈತಿ. ಉಳಿದದ್ದು ಆಕೀನ ನೋಡ್ಕೋಬೇಕ್ರಿ.”

ಅವ್ವ ಯಂತ್ರವನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇದ್ದದ್ದು ಇದ್ದಂಗ ಹೇಳಿದ್ರು. ಹೋಗು. ಆದ್ರ ನಿನ್ನ ಗುಂಡಿ ಮ್ಯಾಲ ಮತ್ತೊಬ್ಬರ ಕೈ ಇಡಾಕ ಬಿಡಬ್ಯಾಡ.”

ಹುಬ್ಬಳ್ಳಿಗೆ ಹೋದಾಗಿನಿಂದ ನಾನು ಊರಿಗೆ ಬಂದಾಗಲೆಲ್ಲ ಅವ್ವ ಮೊದಲು ಮುಖ ನೋಡುವುದಿಲ್ಲ. ಕೈಗಳನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ, ಒಂದೊಂದೇ ಬೆರಳು ನೋಡಿ, ಆಮೇಲೆ ಚಹಾ ಕುಡಿತೀಯಾ ಎನ್ನುತ್ತಾಳೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಹೊಸಿಲು ದಾಟುವ ಮೊದಲೇ ಕೈ ಚಾಚುತ್ತೇನೆ.

ಇವತ್ತೂ ಬಸ್ಸಿಳಿದು ಮನೆಗೆ ಬಂದು ಚಾಚಿದೆ. ನೋಡಿ ಮುಗಿಸಿ ಅವಳು ಬಿಟ್ಟಳು. ನಾನು ಬಿಡಲಿಲ್ಲ. ಯಾಕೋ ಅವಳ ಬೆರಳುಗಳನ್ನು ನೋಡಬೇಕೆನಿಸಿತು. ನಂದೇನ್ ನೋಡ್ತಿ ಎಂದು ನಾಚಿದಳು. ಎಡಗೈಯ ಹೆಬ್ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಇದು ಯಾವಾಗಿನಿಂದ ಎಂದು ಕೇಳಿದೆ.

“ಭಾಳ ದಿನಾ ಆತು. ನೀ ರೋಣಕ್ಕ ಕಲಿಯಾಕ ಹೋಗೂ ಮೊದಲ ಮಗ್ಗದಾಗ ಸಿಕ್ಕಿತ್ತು.”

ಆ ಬೆರಳನ್ನು ಮೆಲ್ಲಗೆ ಸವರಿದೆ. ನಾಳೆ ದವಾಖಾನೆಗೆ ಹೋಗೋಣ ಎಂದೆ. ಅವ್ವ ಬೇಡ ಎನ್ನಲಿಲ್ಲ, ಕೈಯನ್ನೂ ಬಿಡಿಸಿಕೊಳ್ಳಲಿಲ್ಲ.