ಬಾಳೆ ಎಲೆಗೆ ಎರೆದದ್ದು

ನಿಜಾಮರ ಕಾಲದಲ್ಲಿ, ಗಾಜಿಪುರ ಓಣಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಗವಾಕ್ಷಿಯ ಬೆಳಕಿಗೆ, ದೊಡ್ಡ ಮಣ್ಣಿನ ಹರವಿಯಲ್ಲಿ ಕೆಂಪು ಬಾಳೆಯೊಂದು ಬೆಳೆದಿತ್ತು. ತವರೂರು ಕಮಲಾಪುರದಿಂದ ಬಂಡಿಯಲ್ಲಿ ನಾನೇ ತಂದ ಮರಿ. ಅದು ಬದುಕಿದ್ದೇ ಶಿವನ ದಯೆ. ಅದರ ಕೆಳಗಿನ ಎಲೆ ಅಗಲವಾಗಿ ನೆಲದ ಕಡೆಗೆ ಬಾಗಿತ್ತು.

"ಸೋಮವಾರ ಮಠದ ಅಯ್ಯನವರು ಪ್ರಸಾದಕ್ಕ ಬರ್ತಾರ. ಈ ಎಲಿ ಮ್ಯಾಲೇ ಬಡಸ್ತೀನಿ," ಎಂದು ಅತ್ತೆ ಹರಕೆ ಹೊತ್ತಿದ್ದರು.

ಎಲೆ ಮಂಕಾಗಿದೆ ಎಂದು ಭಾನುವಾರ ಅವರು ದೀಪದ ಕುಸುಬೆ ಎಣ್ಣೆಯನ್ನು ತಿಕ್ಕಿಬಿಟ್ಟರು. ಎಲೆಯೇನೋ ಫಳಫಳ ಹೊಳೆಯಿತು. ಆದರೆ ಮಧ್ಯಾಹ್ನದ ಗಾಳಿಗೆ ಬೀದಿಯ ಧೂಳೆಲ್ಲ ಬಂದು ಅದಕ್ಕೇ ಅಂಟಿತು. ಅತ್ತೆಯ ಮುಖ ಬಾಡಿತು.

"ಇನ್ನ ಇದರ ಮ್ಯಾಲ ಹ್ಯಾಂಗ ಬಡಸ್ಲಿ?"

"ಎಣ್ಣಿ ಹಚ್ಚೀರಿ ಅಂದಮ್ಯಾಲ ನೀರ ಎರೀಬೇಕಲ್ರಿ ಅತ್ತಿ," ಎಂದು ನಾನು ಕಡಲೆಹಿಟ್ಟು ಕಲಸಿ ತಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

ಅವರು ಎಲೆಯ ಕೆಳಗೆ ಅಂಗೈ ಕೊಟ್ಟು ಹಿಡಿದರು. ನಾನು ಹಳೆಯ ಧೋತರದ ಒದ್ದೆ ಚೂರಿಗೆ ಆ ಹಿಟ್ಟು ಹಚ್ಚಿಕೊಂಡು ನಡುದಂಟಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸಿದೆ. ಉದ್ದಕ್ಕೆ ಎಳೆದರೆ ಬಾಳೆ ಎಲೆ ಹರಿಯುತ್ತದೆ. ಕೊನೆಗೆ ಬರೀ ನೀರಿನಿಂದ ತೊಳೆದೆವು. ಒಂದು ಸೀಳೂ ಬೀಳಲಿಲ್ಲ, ಅದೂ ಶಿವನ ದಯೆಯೇ.

ಸೋಮವಾರ ಅತ್ತೆ ಕುಡಗೋಲು ಹಿಡಿದು ಗಿಡದ ಮುಂದೆ ನಿಂತವರು ನಿಂತೇ ಇದ್ದರು. "ಕೂಸಿಗೆ ಎರದಂಗ ಎರದು, ಈಗ ಕೊಯ್ಯಲೇನ ತಂಗಿ?" ಎಂದು ನನ್ನ ಕಡೆ ತಿರುಗಿದರು.

ಅಷ್ಟರಲ್ಲಿ ಬಂದ ಅಯ್ಯನವರು ನಕ್ಕರು. "ಕೊಯ್ಯೋದ್ಯಾಕವ್ವಾ? ಎಲಿ ತಾನೇ ಬಾಗ್ಯದ. ಇಲ್ಲೇ ಬಡಸು."

ಎಲೆಯ ಕೆಳಗೆ ಆಸರೆಗೆ ಊಟದ ಅಡ್ಡಣಿಗೆ ಇಟ್ಟು, ಗಿಡದ ಮೇಲಿದ್ದಂತೆಯೇ ಅದಕ್ಕೆ ಹೋಳಿಗೆ ಬಡಿಸಿದೆವು. ಊಟವಾದ ಮೇಲೆ ಅತ್ತೆ ಸೆರಗು ಸಿಕ್ಕಿಸಿ, ತಾವೇ ಅದಕ್ಕೆ ಮತ್ತೊಮ್ಮೆ ಎರೆದರು.