ಬಲಗಡೆಯ ಹೂವು

ಹದಿನಾಲ್ಕು ವರ್ಷ ನಾನು ಈಶ್ವರನ ಜೊತೆ ಮಾತು ಬಿಟ್ಟಿದ್ದೆ. ಕಾರಣ ಒಂದು ದುಂಡುಮಲ್ಲಿಗೆ.

ನಮ್ಮೂರು ಅಸಂಗಿಯಲ್ಲಿ, ತವರುಮನೆ ಹಿತ್ತಲಲ್ಲಿ ಆ ಗಿಡ ನೆಟ್ಟವಳು ನಾನೇ. ದೇವರಿಗೆ ಏರುವ ಹೂವು, ಬಚ್ಚಲ ನೀರು ಸೋಕಬಾರದು ಅಂತ ಬೇಸಿಗೆಯಲ್ಲೂ ಬೋರಿನಿಂದ ಬೇರೆ ಕೊಡ ಹೊತ್ತು ತರುತ್ತಿದ್ದೆ. ನನ್ನ ಜಡೆಗೆ ಒಂದು ಮೊಗ್ಗೂ ಮುಟ್ಟಿಸಿದವಳಲ್ಲ. ದಿನಾ ಬೆಳಿಗ್ಗೆ ಗುಡಿಗೆ ಹೋಗಿ ಲಿಂಗದ ಮೇಲೆ ಹೂವಿಟ್ಟು, ಮನೆಯಲ್ಲಿ ಯಾರಿಗೂ ಹೇಳದ್ದನ್ನೆಲ್ಲ ಅವನಿಗೆ ಹೇಳಿ ಬರುತ್ತಿದ್ದೆ.

ಹನ್ನೆರಡನೇ ಇಯತ್ತೆ ಮುಗಿದು, ಸಾಂಗಲಿಯಲ್ಲಿ ನರ್ಸಿಂಗಿಗೆ ನನ್ನ ನಂಬರು ಹತ್ತಿತು, ಸೀಟು ಸಿಕ್ಕಿತು. ಅವ್ವ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ದೇವರಿಗೇ ಕೇಳೂಣು" ಅಂದಳು. ನಮ್ಮಲ್ಲಿ ಲಿಂಗದ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿ ಕಾಯುತ್ತಾರೆ. ಬಲದ್ದು ಮೊದಲು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ನನಗೆ ಎಳ್ಳಷ್ಟೂ ಅಂಜಿಕೆ ಇರಲಿಲ್ಲ. ನನ್ನದೇ ಹೂವು, ನನ್ನದೇ ದೇವರು. ಪೂಜಾರಿ ಹೂವಿಟ್ಟ. ಎಡದ್ದು ಬಿತ್ತು. ಬಲದ್ದು ಸಂಜೆತನಕ ಅಲುಗಲಿಲ್ಲ. ಎಷ್ಟು ಹಟ ಇವನಿಗೆ ಅಂದುಕೊಂಡೆ.

ದೀಪಾವಳಿ ಮುಗಿಯುತ್ತಲೇ ಅವ್ವನ ತಮ್ಮನಿಗೇ ನನ್ನನ್ನು ಕೊಟ್ಟರು, ಎರಡು ಮನೆ ಆಚೆ. ಒಳ್ಳೆಯ ಮನುಷ್ಯ, ಅವರ ಮೇಲೆ ನನ್ನ ದೂರಿಲ್ಲ. ಸಿಟ್ಟೆಲ್ಲ ಈಶ್ವರನ ಮೇಲೆ. ಬಚ್ಚಲ ಕಾಲುವೆಯನ್ನು ಸೀದಾ ಮಲ್ಲಿಗೆ ಬುಡಕ್ಕೆ ತಿರುಗಿಸಿದೆ. ಹೂವೆಲ್ಲ ನಾನೇ ಮುಡಿದು, ಬೇಕಂತಲೇ ಗುಡಿಯ ಮುಂದೆ ಹಾಯ್ದೆ.

ಹೋದ ತಿಂಗಳು ಅವ್ವನ ಜೊತೆ ಕೂತು ಮೆಂತ್ಯೆ ಸೋಸುತ್ತಿದ್ದೆ. ನನ್ನ ಮಗಳು ತಾನು ನರ್ಸ್ ಆಗುತ್ತೇನೆ ಅಂದಳು. ಅವ್ವ ನಕ್ಕಳು.

"ನಿಮ್ಮವ್ವಗೂ ಹಿಂಗ ಹುಚ್ಚಿತ್ತು. ಪೂಜಾರಿಗೆ ಹೇಳಿ ಬಲಗಡಿ ಹೂವಿಗೆ ಹಸಿ ಇಬೂತಿ ಮೆತ್ತಿಸಿದ್ನಿ, ಬೀಳಬಾರ್ದಂತ. ಇಲ್ಲಾಂದ್ರ ನನ್ನ ತಮ್ಮಗ ಯಾರ್ ಸಿಗ್ತಿದ್ರು?"

ನಾನು ಮೆಂತ್ಯೆ ಕೆಳಗಿಟ್ಟು ಅವ್ವನ ಕಡೆ ತಿರುಗಿದೆ.

"ನೀ ಬ್ಯಾಡ ಅಂದಿದ್ರ ಜಗಳಾ ಮಾಡ್ತಿದ್ನಿ ಯವ್ವಾ. ಅತ್ತು ಕರದರೂ ಹೋಗ್ತಿದ್ನಿ. ದೇವರ ಜೋಡಿ ಏನ್ ಜಗಳಾ ಮಾಡ್ಲಿ?"

"ಅದಕ್ಕಽ ಅವನ ಕಡಿಂದ ಹೇಳಿಸಿದ್ನಿ" ಅಂದಳು, ಸೊಪ್ಪಿನಿಂದ ಕಣ್ಣೆತ್ತದೆ.

ಮರುದಿನ ಬಚ್ಚಲ ಕಾಲುವೆಗೆ ಮಣ್ಣು ಮುಚ್ಚಿ, ಬೋರಿನಿಂದ ಎರಡು ಕೊಡ ತಂದು ಗಿಡಕ್ಕೆ ಸುರಿದೆ. ಅವ್ವ ಬಾಗಿಲಲ್ಲಿ ನಿಂತು "ಚಾ ಕುಡದು ಹೋಗವಾ" ಅಂದಳು. ಅವಳ ಕಡೆ ತಿರುಗಿಯೂ ನೋಡದೆ ಉಡಿ ತುಂಬ ಹೂವು ಕಟ್ಟಿಕೊಂಡು ಗುಡಿಗೆ ಹೋಗಿ ಲಿಂಗದ ಮುಂದೆ ಕೂತೆ. ತಪ್ಪಾಯಿತು ಅನ್ನಬೇಕಿತ್ತು, ಬಾಯಿ ಬರಲಿಲ್ಲ. ಹೂವಿಟ್ಟ ದಿನ ಅವನು ಬೇಡ ಅಂದಿರಲಿಲ್ಲ, ಆಗಲಿ ಅಂತಲೂ ಅಂದಿರಲಿಲ್ಲ, ಏನೂ ಹೇಳಿಯೇ ಇರಲಿಲ್ಲ.