ಆಯುಧಪೂಜೆಗೆ ಕಿತ್ತುಬಂದ ಸೀಲು

ಹಬ್ಬ ಮುಗಿದಿತ್ತು. ಪಟ್ಟದ ಗೊಂಬೆಗಳನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಡಬ್ಬಕ್ಕೆ ಇಳಿಸುತ್ತಿದ್ದೆ. ಬಾಗಿಲಲ್ಲಿ ಮೊಪೆಡ್ ನಿಂತ ಸದ್ದಾಯಿತು. ನೋಡಿದರೆ ಕಟ್ಟಾಯದ ತಿಮ್ಮೇಗೌಡರು. ನಮ್ಮವರು ಕೆಲಸ ಮಾಡುವ ಕಾರ್ಖಾನೆಯಲ್ಲೇ ಸ್ಟೋರ್ ನೋಡಿಕೊಳ್ಳುವವರು.

"ಗಾಬ್ರಿ ಆಗ್ಬ್ಯಾಡಿ ಕಣಕ್ಕಾ. ಸಾರ್‌ನ ಒಳಗೆ ಕೂರುಸ್ಕಂಡವ್ರೆ. ಊಟುಕ್ಕೆ ಬರಕ್ಕಿಲ್ಲ."

"ಯಾರು ಕೂರಿಸಿಕೊಂಡಿರೋದು? ಯಾಕೆ?"

"ಕಂಪ್ಯೂಟರ್ ಇಲಾಖೆಯೋರು. ಸಾರ್ ಮಿಸೀನಲ್ಲಿ ಸೀಲು ಇಲ್ವಂತೆ. ಪೆನ್ ಡ್ರೈವ್ ಆಕಿ ನಕ್ಸೆ ಕದ್ದವ್ರೆ ಅಂತ ಅವರ ಲೆಕ್ಕ."

ಕೈಯಲ್ಲಿದ್ದ ಗೊಂಬೆಯನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ.

ಹೊಳೆನರಸೀಪುರದ ನಮ್ಮ ಜನಕ್ಕೆ ಈ ಸೀಲು ಎಂದರೆ ಏನು ಅಂತ ಹೇಳಬೇಕು. ಅಲ್ಲಿ ಇವರು ಮೊದಲಿದ್ದ ವರ್ಕ್‌ಶಾಪಿನಲ್ಲಿ ಇದ್ದದ್ದೇ ಒಂದು ಕಂಪ್ಯೂಟರು. ಮೊದಲು ಬಂದವರು ಹೊದಿಕೆ ತೆಗೆದು, ಕೈಮುಗಿದು ಶುರು ಮಾಡುವುದು. ಪರದೆಯ ಮೇಲೆ ಲಕ್ಷ್ಮೀನರಸಿಂಹಸ್ವಾಮಿ. ಹಾಸನದಲ್ಲಿ ಹಾಗಲ್ಲ. ಇಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ವಿಭಾಗ ಇವರದು. ನಕ್ಷೆ ಗೇಟು ದಾಟಬಾರದು. ಮೊಬೈಲು ಕಾವಲಿನವರ ಹತ್ತಿರ ಬಿಡಬೇಕು. ಪಾಸ್‌ವರ್ಡು ಆಗಾಗ ಬದಲಾಯಿಸಬೇಕು, ಹೆಂಡತಿಗೂ ಹೇಳುವ ಹಾಗಿಲ್ಲ. ಪರದೆಗೆ ಎಲ್ಲರಿಗೂ ಒಂದೇ ನೀಲಿ ಬಣ್ಣ. ಸ್ವಾಮಿಯ ಚಿತ್ರ ಹಾಕಲು ಹೋದರೆ ಅನುಮತಿ ಇಲ್ಲ ಎಂದು ಬಂತಂತೆ. ಪೆನ್ ಡ್ರೈವ್ ಚುಚ್ಚುವ ಕಿಂಡಿಗೆ ಕಾಗದದ ಸೀಲು.

"ಥೇಟ್ ನಿಮ್ಮಮ್ಮನ ಮಡಿ," ಎಂದಿದ್ದೆ.

"ನಮ್ಮಮ್ಮ ಆದರೆ ಸ್ನಾನ ಮಾಡಿ ಬಂದವರನ್ನಾದರೂ ಒಳಗೆ ಬಿಡ್ತಿದ್ದಳು," ಎಂದಿದ್ದರು ಇವರು.

ನಮ್ಮೂರಿಂದ ಒಂದು ಬಸ್ಸಿನ ದೂರವಷ್ಟೇ. ಆದರೂ ಕಾರ್ಖಾನೆಯ ಈ ಕ್ವಾರ್ಟರ್ಸು ನನಗೆ ಪರದೇಶ. ಎದುರಿಗೆ ಬಿಹಾರದವರು, ಪಕ್ಕದಲ್ಲಿ ಕೇರಳದ ಲೀಲಾ. ಇಲ್ಲಿ ಎಲ್ಲರೂ ಅವರನ್ನು ಚೇಚಿ ಎನ್ನುತ್ತಾರೆ, ಅವರ ಭಾಷೆಯಲ್ಲಿ ಅಕ್ಕ ಎಂದು. ಬಂದ ಹೊಸದರಲ್ಲಿ ಕರಿಬೇವು ಕೇಳುವುದಕ್ಕೂ ಕೈಸನ್ನೆ ಮಾಡಿದ್ದೇನೆ; ಚೇಚಿಗೆ ಕನ್ನಡ ಬಂದದ್ದು ಆಮೇಲೆ. ಊರಿನಲ್ಲಿ ಹಿತ್ತಲ ಗೋಡೆಯ ಮೇಲಿಂದಲೇ ಎಲ್ಲ ಮಾತೂ ಮುಗಿಯುತ್ತಿತ್ತು.

ಇವರಿಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಅದಕ್ಕಿಂತ, ಕಳ್ಳ ಅನ್ನಿಸಿಕೊಂಡು ಊರಿಗೆ ಹೇಗೆ ಹೋಗುವುದು? ಮಾಡಿದ ಸಾರು ಒಲೆಯ ಮೇಲೇ ತಣ್ಣಗಾಯಿತು. ಸುದ್ದಿ ಕೇಳಿ ಚೇಚಿ ತಟ್ಟೆ ಹಿಡಿದು ಬಂದರು. ಬೇಯಿಸಿದ ಕಪ್ಪ, ಅಂದರೆ ನಮ್ಮ ಮರಗೆಣಸು.

"ತಿನ್ನು. ನಿನ್ನ ಗಂಡ ಕಳ್ಳ ಅಲ್ಲ. ಕಳ್ಳ ಆಗಲಿಕ್ಕೆ ಸ್ವಲ್ಪ ಬುದ್ಧಿ ಬೇಕು," ಎಂದರು.

ನಗು ಬಂತು. ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ. ಅವರು ಹೋದಮೇಲೆ ದೇವರ ಮುಂದೆ ಕೂತೆ. ಸ್ವಾಮೀ, ಕೆಲಸ ಉಳಿಸು ಎಂದು ಕೇಳಲೇ, ಮರ್ಯಾದೆಯಾಗಿ ಊರಿಗೆ ವಾಪಸು ಕಳಿಸು ಎಂದು ಕೇಳಲೇ? ಎರಡೂ ಬಾಯಿಗೆ ಬಂತು. ಯಾವುದು ನಿಜವಾಗಿ ಬೇಕೋ ನನಗೇ ತಿಳಿಯದೆ, ದೀಪಕ್ಕೆ ಎಣ್ಣೆ ಹಾಕಿ ಎದ್ದೆ.

ಇವರು ಬಂದಾಗ ಬಿಸಿಲು ಇಳಿದಿತ್ತು. ಚಪ್ಪಲಿ ಬಿಚ್ಚದೆ ಜಗುಲಿಯ ಮೇಲೇ ಕೂತರು.

"ಸೀಲು ನಾನೇ ಕಿತ್ತಿದ್ದು ಕಣೆ," ಎಂದರು.

ತಂದಿದ್ದ ನೀರಿನ ಲೋಟ ಪಕ್ಕಕ್ಕಿಟ್ಟು ಎದುರಿಗೆ ಕೂತೆ.

"ಆಯುಧಪೂಜೆಗೆ ಮಿಷಿನ್ ತೊಳೆಯಬೇಡವಾ? ಕೊಳೆ ಹಿಡಿದಿದ್ದ ಕಾಗದ. ಅದರ ಪಕ್ಕ ಕುಂಕುಮ ಇಡೋಕೆ ಮನಸ್ಸು ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಬಂತು."

"ಹೀಗೇ ಹೇಳಿದಿರಾ ಅವರಿಗೆ?"

"ಹೇಳಿದೆ. ಡೆಲ್ಲಿಯಿಂದ ಬಂದಿರೋ ಸಾಹೇಬರು, ಕಂಪ್ಯೂಟರ್ ಯಾರಾದರೂ ತೊಳೀತಾರಾ ಅಂದರು. ಕೊನೆಗೆ ತಿಮ್ಮೇಗೌಡ ಹೋಗಿ, ಎಲ್ಲಾರ್ದೂ ತಿರುಗ್ಸಿ ನೋಡಿ ಸಾ ಅಂದ. ನೋಡಿದರು. ಅರ್ಧಕ್ಕರ್ಧ ಮಿಷಿನ್‌ಗೆ ಸೀಲೇ ಇಲ್ಲ. ಇರೋದಕ್ಕೂ ಗಂಧ ಮೆತ್ತಿದೆ."

ನಕ್ಕರು. ದೇವರು ದೊಡ್ಡವನು; ಒಬ್ಬರ ತಲೆಯ ಮೇಲೆ ಬೀಳಬೇಕಾದದ್ದನ್ನು ಇಡೀ ಸಾಲಿಗೆ ಹಂಚಿದ. ಆದರೂ ಪೂರ್ತಿ ಮುಗಿದಿಲ್ಲ. ಇವರ ಮಿಷಿನ್ನು ತಪಾಸಣೆಗೆ ಹೋಗಿದೆ, ಅದು ಬರುವವರೆಗೆ ಖಾಯಂ ಮಾತಿಲ್ಲ. ಮುಂದಿನ ಸಲದಿಂದ ಪೂಜೆ ಮೇಜಿಗೆ ಮಾತ್ರವಂತೆ.

"ಊರಿಗೆ ಹೋಗಿಬಿಡೋಣ ಅನ್ನಿಸ್ತಾ ನಿನಗೆ?" ಎಂದು ಕೇಳಿದರು.

"ಅನ್ನಿಸ್ತು. ಅನ್ನಿಸಿದ ತಕ್ಷಣ, ಇಲ್ಲಿಂದ ಎಬ್ಬಿಸಿಬಿಡ್ತಾರಲ್ಲ ಅಂತ ಸಂಕಟವೂ ಆಯ್ತು ರೀ."

ಇವರು ಬಗ್ಗಿ ಚಪ್ಪಲಿ ಬಿಚ್ಚಿದರು. ಅಷ್ಟರಲ್ಲಿ ಚೇಚಿ ಗೋಡೆಯಾಚೆಯಿಂದ ನನ್ನ ಹೆಸರು ಕೂಗಿ, ನೀರು ಬಂತು ಎಂದರು. ನಮ್ಮೂರ ಹೊಳೆಯೇ, ಹೇಮಾವತಿ; ಅಲ್ಲಿ ಮುಟ್ಟುವ ಮೊದಲೇ ಇಲ್ಲಿನ ನಲ್ಲಿಗೆ ಬರುತ್ತದೆ. ಸೆರಗು ಸಿಕ್ಕಿಸಿಕೊಂಡು ಕೊಡ ಹಿಡಿಯಲು ಹೋದೆ.